ಸಕ್ಕರೆ ಪೆಟ್ಟಿಗೆಗೆ ಉತ್ತರ

ಸೆಪ್ಟೆಂಬರ್ ಕೊನೆಯ ವಾರ, ಗುರುವಾರ ಮಧ್ಯಾಹ್ನ

ತಂಗಿ ಚಿಜುರುಗೆ,

ಪತ್ರ ಬರೆಯುವಾಗ ಮೊದಲು ಹವೆಯ ಮಾತಾಡಬೇಕು ಎಂದು ನಮ್ಮಿಬ್ಬರಿಗೂ ಒಬ್ಬರೇ ಮೇಷ್ಟರು ಕಲಿಸಿದ್ದರು. ಆದ್ದರಿಂದ ಕೇಳು. ಸೆಕೆ ಇಳಿದಿದೆ. ಸಮುದ್ರ ಶಾಂತವಾಗಿದೆ. ಸ್ಮಶಾನದ ದಾರಿಯಲ್ಲಿ ಕೆಂಪು ಹೂಗಳು ಎಲೆಯಿಲ್ಲದ ದಂಟಿನ ಮೇಲೆ ಎದ್ದು ನಿಂತಿವೆ. ಹವೆ ಇಲ್ಲಿಗೆ ಮುಗಿಯಿತು.

ನೀನು ಕಳಿಸಿದ ಸಕ್ಕರೆ ತಲುಪಿತು.

ಮತ್ಸುಯಾಮದ ದೊಡ್ಡ ಅಂಗಡಿಯ ಪೆಟ್ಟಿಗೆ, ಮೇಲೆ ಬಿಳಿ ಕಾಗದ, ಕೆಂಪು ಬಿಳಿ ದಾರ, ಕಾಯಿಲೆ ಮತ್ತೆ ಬರದಿರಲಿ ಎಂದು ಹಾಕುವ ಬಿಚ್ಚಲಾಗದ ಗಂಟು. ಎಲ್ಲ ಶಾಸ್ತ್ರೋಕ್ತವಾಗಿತ್ತು. ಒಳಗೆ ಅಚ್ಚು ಹಾಕಿಸಿದ ಚೀಟಿ. ಅನಾರೋಗ್ಯದ ಸಮಯದಲ್ಲಿ ತಾವು ತೋರಿದ ಕಾಳಜಿಗೆ ಋಣಿಯಾಗಿದ್ದೇನೆ, ಈಗ ಸಂಪೂರ್ಣ ಗುಣಮುಖಳಾಗಿದ್ದೇನೆ ಎಂದು. ತಾವು ಎಂದರೆ ನಾನು. ಚಿಕ್ಕಂದಿನಲ್ಲಿ ನಿನ್ನ ಮೂಗು ಒರೆಸಿದವಳು, ನಿನ್ನ ಹೇನು ಹೆಕ್ಕಿದವಳು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಪೆನ್ನಿನಲ್ಲಿ ಬರೆದ ಒಂದಕ್ಷರವಾದರೂ ಇದ್ದೀತು ಎಂದು. ಇರಲಿಲ್ಲ.

ಕಾಯಿಲೆ ಬಿಟ್ಟ ಮೇಲೆ ನೋಡಲು ಬಂದವರಿಗೆಲ್ಲ ಮರು ಉಡುಗೊರೆ ಕಳಿಸಬೇಕು, ಅದೂ ಕಾಯಿಲೆಯ ಹಾಗೆಯೇ ಕರಗಿ ಖಾಲಿಯಾಗುವಂಥದ್ದನ್ನೇ ಕಳಿಸಬೇಕು, ನನಗೆ ಗೊತ್ತಿಲ್ಲವೆ? ಎದುರು ಮನೆಯ ಫುಸಾಗೆ ಸಾಬೂನು ಬಂತು. ಮೊರಿಯಾಮ ಅಜ್ಜನಿಗೆ ಚಹಾಪುಡಿ ಬಂತು. ಅದು ಸರಿ, ಅವರು ಹೊರಗಿನವರು. ಒಂದೇ ಒಲೆಯ ಅನ್ನ ಉಂಡವರಿಗೆ ಯಾರಾದರೂ ಮರು ಉಡುಗೊರೆ ಕಳಿಸುತ್ತಾರೆಯೆ? ಸಕ್ಕರೆ ಬಂದ ಮಧ್ಯಾಹ್ನವೇ ಫುಸಾ ಬಂದು ಕೂತಳು, ನಿಮಗೇನು ಬಂತು ಎಂದು ಕೇಳಿದಳು. ಮನೆಯವರಿಗೆ ಯಾಕೆ ಬರುತ್ತೆ ಎಂದು ಹೇಳಿ ಪೆಟ್ಟಿಗೆಯನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದೆ. ಆಗ ಅವಳು ತನಗೆ ಬಂದ ಚೀಟಿಯನ್ನು ಚೀಲದಿಂದ ತೆಗೆದು ತೋರಿಸಿದಳು. ಅಚ್ಚಿನ ಕೆಳಗೆ ನಿನ್ನ ಕೈಯಲ್ಲೇ ಬರೆದ ಎರಡು ಸಾಲು. ನಿಮ್ಮ ಮೊಮ್ಮಗಳ ಕೆಮ್ಮು ಹೇಗಿದೆ, ಉಪ್ಪು ಹಾಕಿದ ಪ್ಲಮ್ ಹಣ್ಣು ಒಣಗಿತೆ, ಎಂದು.

ಫುಸಾಳ ಮೊಮ್ಮಗಳ ಕೆಮ್ಮು ನಿನಗೆ ನೆನಪಿದೆ. ಸಂತೋಷ.

ನನ್ನ ಹೊಟ್ಟೆಕಿಚ್ಚು ಹೊಸದಲ್ಲ, ಅದನ್ನು ಹೊರಗೆ ಹಾಕುವುದು ಹೊಸದು. ನೀನು ಫೋನ್ ಎತ್ತುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೊಣಕಾಲು ನೋವಿನಿಂದ ಹಾಸಿಗೆ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ವಿಷಯ ಇಷ್ಟು. ಡಾಕ್ಟರು ನಿನ್ನ ಭಾವನಿಗೆ ಮುಂದಿನ ತಿಂಗಳಿಂದ ಸಮುದ್ರಕ್ಕೆ ಹೋಗಬಹುದು ಎಂದಿದ್ದಾರೆ, ಆದರೆ ಒಬ್ಬರೇ ಹೋಗಕೂಡದು ಎಂದಿದ್ದಾರೆ. ಚುಕ್ಕಾಣಿ ಹಿಡಿಯುವವರು ಇಲ್ಲದಿದ್ದರೆ ದೋಣಿ ಮಾರಬೇಕು. ಆಚೆ ಬಂದರಿನ ಒಬ್ಬ ಬಂದು ಎಂಜಿನ್ ಶಬ್ದ ಕೇಳಿಸಿಕೊಂಡು ಹೋಗಿದ್ದಾನೆ. ದೋಣಿ ಹೋದರೆ ನಿನಗೆ ಈ ಊರಿಗೆ ಬರಲು ಕಾರಣವೇ ಉಳಿಯುವುದಿಲ್ಲ. ಅಕ್ಕನನ್ನು ನೋಡಲೆಂದು ನೀನು ಬರುವವಳಲ್ಲ, ಅಷ್ಟು ನನಗೆ ಗೊತ್ತು. ಆದ್ದರಿಂದ ಬರುತ್ತೀಯೋ ಇಲ್ಲವೋ ಹೇಳು.

ಉತ್ತರ ಬರೆಯುವ ಮೊದಲು ನನ್ನ ಮಾತನ್ನು ಪೂರ್ತಿ ಕೇಳು. ನಿನ್ನ ಎದುರು ನಿಂತರೆ ನನ್ನ ಬಾಯಿಂದ ಬೇರೆಯದೇ ಬರುತ್ತದೆ.

ಮದುವೆಯಾಗಿ ಬಂದ ವರ್ಷದಿಂದ ಸೊಂಟ ಮತ್ತು ಮೊಣಕಾಲು ಕೈಕೊಡುವವರೆಗೆ ಆ ಚುಕ್ಕಾಣಿ ಹಿಡಿದವಳು ನಾನು. ಇಲ್ಲಿ ಗಂಡ ಆಕ್ಟೋಪಸ್ ಹಿಡಿಯುವ ಮಡಕೆಗಳನ್ನು ಸಾಲಾಗಿ ಕಟ್ಟಿದ ಹಗ್ಗ ಎಳೆಯುತ್ತಾನೆ, ಹೆಂಡತಿ ಚುಕ್ಕಾಣಿ ಹಿಡಿಯುತ್ತಾಳೆ, ಎಲ್ಲ ದೋಣಿಗಳೂ ಹಾಗೆಯೇ. ಗಂಡ ಹೆಂಡತಿಗೆ ಮನೆಯಲ್ಲಿ ಮಾತು ಬಿಟ್ಟಿದ್ದರೂ ನೀರಿನ ಮೇಲೆ ಬಿಡಲಾಗುವುದಿಲ್ಲ. ನಿನ್ನ ಗಂಡ ತೀರಿಕೊಂಡು ನೀನು ಹಡಗುಕಟ್ಟೆಯ ಕ್ವಾರ್ಟರ್ಸ್ ಖಾಲಿ ಮಾಡಿ ನಮ್ಮಲ್ಲಿಗೆ ಬಂದಾಗ, ನನ್ನ ಕಾಲು ಸರಿಹೋಗುವ ತನಕ ನೀನು ಹೋಗು ಎಂದು ನಾನೇ ಕಳಿಸಿದೆ. ನಿನ್ನ ಭಾವ ಕೇಳಿರಲಿಲ್ಲ, ನೀನೂ ಕೇಳಿರಲಿಲ್ಲ. ನನ್ನ ಕಾಲು ಸರಿಹೋಗಲಿಲ್ಲ. ನೀನು ಇಳಿಯಲೂ ಇಲ್ಲ.

ನಾನು ಬುತ್ತಿ ಕಟ್ಟುತ್ತಿದ್ದೆ, ನೀವಿಬ್ಬರು ಉಣ್ಣುತ್ತಿದ್ದಿರಿ. ಸಂಜೆ ಧಕ್ಕೆಗೆ ಬಂದು ದೋಣಿ ಕಟ್ಟುವಾಗ ಇಬ್ಬರೂ ಯಾವುದಕ್ಕೋ ನಗುತ್ತಿದ್ದಿರಿ. ಏನು ಎಂದು ಕೇಳಿದರೆ, ಅಲ್ಲಿದ್ರೆ ಗೊತ್ತಾಗ್ತಿತ್ತು ಬಿಡು ಎನ್ನುತ್ತಿದ್ದರು ಅವರು. ಅಲ್ಲಿದ್ದರೆ. ನನ್ನನ್ನು ಅವರು ಎಂದೂ ಹೆಸರು ಹಿಡಿದು ಕರೆದವರಲ್ಲ, ಏ ಎನ್ನುತ್ತಾರೆ, ನಾನು ತಿರುಗುತ್ತೇನೆ. ನಿನ್ನನ್ನು ಚೀ ಎಂದು ಅರ್ಧ ಹೆಸರಿನಲ್ಲಿ ಕರೆಯುತ್ತಾರೆ. ಎಂಜಿನ್ ಸದ್ದಿನಲ್ಲಿ ಪೂರ್ತಿ ಹೆಸರು ಕೇಳುವುದಿಲ್ಲ ಎಂದು ಕಾರಣ ಕೊಡುತ್ತಾರೆ. ನನ್ನ ಕಾಲದಲ್ಲೂ ಅದೇ ಎಂಜಿನ್ ಇತ್ತು.

ನಿಮ್ಮ ನಡುವೆ ಏನೂ ಇರಲಿಲ್ಲ. ಅದು ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಏನಾದರೂ ಇದ್ದಿದ್ದರೆ ಸುಲಭವಿತ್ತು, ಪೊರಕೆ ಹಿಡಿದು ಇಬ್ಬರನ್ನೂ ಓಡಿಸಬಹುದಿತ್ತು.

ಜುಲೈ ಕೊನೆಯ ಆ ಬೆಳಿಗ್ಗೆ ನಾನು ಧಕ್ಕೆಯ ಮೇಲೆ ಮೊರಿಯಾಮ ಅಜ್ಜನ ಜೊತೆ ಮಡಕೆಗೆ ಅಂಟಿದ ಚಿಪ್ಪು ಕೆರೆಯುತ್ತಿದ್ದೆ. ಹೊತ್ತಿಗೆ ಮುಂಚೆ ನಮ್ಮ ದೋಣಿ ಬರುವುದು ಕಂಡಿತು. ಅಜ್ಜ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಹಗ್ಗ ಕತ್ತರಿಸಿದ್ದಾರೆ ಕಣಮ್ಮ ಎಂದರು. ದೋಣಿಯ ಬದಿಯಲ್ಲಿ ಹಗ್ಗದ ತುಂಡು ಜೋತಾಡುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಗಾಬರಿಯಲ್ಲ, ಸಿಟ್ಟು. ಇಡೀ ಸಾಲು ಮಡಕೆ ತಳಕ್ಕೆ ಹೋಯಿತಲ್ಲ, ನನ್ನ ಕಾಲದಲ್ಲಿ ಒಂದು ದಿನವೂ ಹಗ್ಗ ಕತ್ತರಿಸಿದವಳಲ್ಲ ನಾನು, ಎಂದು. ಬಿರುಗಾಳಿಯಲ್ಲೂ ಕತ್ತರಿಸಿದವಳಲ್ಲ. ಆಮೇಲೆ ನಿನ್ನ ಭಾವ ಬಲೆಯ ರಾಶಿಯ ಮೇಲೆ ಮಲಗಿರುವುದು ಕಂಡಿತು. ಮುಖ ಬೂದಿಬಣ್ಣ.

ಎಡತೋಳು ನೋಯುತ್ತಿದೆ ಎಂದು ಅವರು ಬೆಳಿಗ್ಗೆಯಿಂದ ಹೇಳುತ್ತಿದ್ದರಂತೆ. ಹಗ್ಗ ಎಳೆಯುವವರಿಗೆ ತೋಳು ನೋಯದೆ ಇನ್ನೇನು ನೋಯುತ್ತದೆ, ನಾನಾದರೂ ಅದನ್ನೇ ಅನ್ನುತ್ತಿದ್ದೆ. ನೀನು ಮಾತ್ರ ಅವರ ಬೆವರು ನೋಡಿದೆ. ಆಂಬುಲೆನ್ಸ್‌ನವರಿಗೆ ಎಲ್ಲವನ್ನೂ ಸರಿಯಾಗಿ ಹೇಳಿದೆ, ಸ್ಟ್ರೆಚರ್ ಮೇಲಕ್ಕೆ ಹೋಗುವವರೆಗೆ ನೆಟ್ಟಗೆ ನಿಂತಿದ್ದೆ. ಆಗ ನಾನು ಕೋಲೂರಿಕೊಂಡು ಹತ್ತಿರ ಬಂದೆ. ನೀನು ನನ್ನ ಮುಖ ನೋಡಿದೆ, ಎದೆ ಹಿಡಿದುಕೊಂಡು ಧಕ್ಕೆಯ ಮೇಲೆ ಕುಸಿದು ಕೂತೆ. ಎರಡನೆಯ ಆಂಬುಲೆನ್ಸ್ ಕರೆಸಬೇಕಾಯಿತು. ಕೋಲು ಹಿಡಿದ ಮುದುಕಿಯೊಬ್ಬಳೇ ನೆಟ್ಟಗಿದ್ದಳು ಎಂದು ಊರು ಇವತ್ತಿಗೂ ಹೇಳುತ್ತದೆ.

ಆಸ್ಪತ್ರೆಯಲ್ಲಿ ನಿಮ್ಮಿಬ್ಬರನ್ನು ಒಂದೇ ಮಹಡಿಯಲ್ಲಿ ಹಾಕಿದರು. ಇಬ್ಬರಿಗೂ ಒಂದೇ ಉಪ್ಪಿಲ್ಲದ ಗಂಜಿ, ಒಂದೇ ಬಣ್ಣದ ನಿಲುವಂಗಿ. ಆ ಹುಡುಗಿ ಡಾಕ್ಟರ್ ನನ್ನನ್ನು ಕೂರಿಸಿ ಬಿಡಿಸಿ ಹೇಳಿದಳು. ನಿನ್ನ ಭಾವನ ರಕ್ತನಾಳ ಕಟ್ಟಿಕೊಂಡು ಹೃದಯದ ಒಂದು ತುಂಡು ಸತ್ತಿದೆ, ಸುತ್ತಲಿನದು ಸತ್ತಿಲ್ಲ, ಮರಗಟ್ಟಿದೆ, ಕೆಲವು ವಾರಗಳಲ್ಲಿ ಎಚ್ಚರಾಗುತ್ತದೆ ಎಂದಳು. ನಿನ್ನದು ಬೇರೆ. ನಾಳಗಳೆಲ್ಲ ತಿಳಿಯಾಗಿವೆ, ಎಲ್ಲೂ ಕಟ್ಟಿಲ್ಲ, ಆದರೂ ಹೃದಯದ ಕೆಳಭಾಗ ಹಿಂಡುವುದನ್ನೇ ಮರೆತು ಉಬ್ಬಿಕೊಂಡಿದೆ, ಏನೋ ದೊಡ್ಡ ಆಘಾತ ತಗೊಂಡಿದ್ದಾರೆ, ಅದೂ ಎಚ್ಚರಾಗುತ್ತದೆ ಎಂದಳು. ಪರದೆಯ ಮೇಲೆ ಚಿತ್ರ ತೋರಿಸಿದಳು. ಕಿರಿದಾದ ಕತ್ತು, ಗುಂಡನೆಯ ಹೊಟ್ಟೆ. ಇದಕ್ಕೆ ಹೆಸರೇ ತಾಕೋತ್ಸುಬೊ, ಆಕ್ಟೋಪಸ್ ಹಿಡಿಯುವ ಮಡಕೆ ಅಂತ, ಪ್ರಪಂಚದ ಡಾಕ್ಟರುಗಳೆಲ್ಲ ನಮ್ಮ ಈ ಮಾತನ್ನೇ ಆಡುತ್ತಾರೆ, ಅಂಥ ಮಡಕೆ ನೋಡಿದ್ದೀರಾ ಅಜ್ಜಿ ಎಂದು ಕೇಳಿದಳು. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಚಿಪ್ಪಿನ ಪುಡಿ ಇತ್ತು. ನೋಡಿದ್ದೇನೆ ಎಂದೆ.

ಆವತ್ತು ಮನೆಗೆ ಬರುವ ಬಸ್ಸಿನಲ್ಲಿ ಮೈಯೆಲ್ಲ ಉರಿಯಿತು. ಬಾಳಿಡೀ ಆ ಮಡಕೆ ತೊಳೆದವಳು ನಾನು, ಹಗ್ಗಕ್ಕೆ ಕಟ್ಟಿದವಳು ನಾನು, ಮನೆಯ ಗುರುತು ಬರೆದವಳು ನಾನು. ಅದು ಹೋಗಿ ಕೂತದ್ದು ನಿನ್ನ ಎದೆಯಲ್ಲಿ. ನನ್ನ ಗಂಡ ಸಾಯುವ ಹಾಗಾದಾಗ ನಿನ್ನ ಹೃದಯ ಒಡೆಯಿತು. ನನ್ನದು ಒಂದು ಬಡಿತವನ್ನೂ ತಪ್ಪಿಸಲಿಲ್ಲ. ಮನೆಗೆ ಬಂದು ಅನ್ನ ಮಾಡಿ ಉಂಡೆ. ಚೆನ್ನಾಗಿ ನಿದ್ದೆಯೂ ಬಂತು. ಮರುದಿನ ಫುಸಾ ಬೇಲಿಯಾಚೆಯಿಂದ, ನಿಮ್ಮ ತಂಗಿಗಂತೆ ಎದೆ ಒಡೆದಿದ್ದು, ನಿಮಗೇನೂ ಆಗ್ಲಿಲ್ವಂತೆ, ಗಟ್ಟಿ ಜೀವ ಬಿಡಿ ಎಂದಳು. ಕಿಸಕ್ಕೆಂದು ನಕ್ಕಳು ಕೂಡ.

ನಗಬೇಡ, ನಾನು ಆ ಡಾಕ್ಟರ ಬಳಿ ಹೋಗಿ ನನ್ನದನ್ನೂ ನೋಡಿ ಎಂದು ಕೇಳಿದೆ. ಸುಸ್ತು, ತಲೆಸುತ್ತು, ಎದೆಯಲ್ಲಿ ಒಂಥರಾ ಎಂದು ಇಲ್ಲದ್ದನ್ನೆಲ್ಲ ಹೇಳಿದೆ. ಎದೆಗೆ ತಣ್ಣನೆಯ ಲೋಳೆ ಹಚ್ಚಿ, ಪರದೆಯತ್ತ ನೋಡಿ, ಆ ಹುಡುಗಿ ನಕ್ಕಳು. ಅಜ್ಜಿ, ನಿಮ್ಮದು ಹರೆಯದ ಹುಡುಗಿ ಹೃದಯ ಎಂದಳು. ಎದ್ದು ಬಟ್ಟೆ ಸರಿಮಾಡಿಕೊಂಡೆ. ಇಷ್ಟು ಅವಮಾನ ನನಗೆ ಯಾರೂ ಮಾಡಿರಲಿಲ್ಲ. ಮತ್ತೆ ಯಾರಿಗೆ ಬರುತ್ತೆ ಇದು ಎಂದು ಕೇಳಿದೆ. ಹೆಚ್ಚಾಗಿ ವಯಸ್ಸಾದ ಹೆಂಗಸರಿಗೆ, ಎಂದಳು. ಸಾವಿನ ಸುದ್ದಿ ಕೇಳಿ ಬರಬಹುದು, ಭೂಕಂಪವಾದಾಗ ಬರಬಹುದು, ದೊಡ್ಡ ಜಗಳದಲ್ಲಿ ಬರಬಹುದು, ಒಮ್ಮೊಮ್ಮೆ ಅತಿ ಸಂತೋಷಕ್ಕೂ ಬರಬಹುದಂತೆ. ಎಲ್ಲರಿಗೂ ಬರಬಹುದಾದದ್ದು ನನಗೊಬ್ಬಳಿಗೇ ಬರಲಿಲ್ಲ.

ಅದಾದ ಮೇಲೆಯೇ ನಾನು ಆ ಲಕೋಟೆ ತಂದದ್ದು. ನೀನು ಮರೆತಿರುವುದಿಲ್ಲ. ಕಾಯಿಲೆಯವರನ್ನು ನೋಡಲು ಹೋಗುವವರು ಹಣವಿಟ್ಟು ಕೊಡುವ ಕೆಂಪು ಬಿಳಿ ದಾರದ ಲಕೋಟೆ ಕೊಂಡು, ಅದರ ಮೇಲೆ ಕುಂಚದಲ್ಲಿ ನಮ್ಮ ಮನೆತನದ ಹೆಸರು ಬರೆದು, ನಿನ್ನ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಎರಡೂ ಕೈಯಿಂದ ಇಟ್ಟು, ಬೇಗ ಗುಣಮುಖರಾಗಿ ಎಂದು ತಲೆ ಬಾಗಿಸಿದೆ. ನೆರೆಹೊರೆಯವರಿಗೆ ಮಾಡುವ ಹಾಗೆ. ಪಕ್ಕದ ಹಾಸಿಗೆಯವಳು, ಯಾರು ಅವ್ರು, ನಿಮ್ಮ ಊರಿನವ್ರಾ ಎಂದು ನಿನ್ನನ್ನು ಕೇಳಿದ್ದು ನನಗೆ ಬಾಗಿಲವರೆಗೂ ಕೇಳಿಸಿತು. ಹೌದು, ನಮ್ಮ ಊರಿನವ್ರು ಎಂದೆ ನೀನು.

ಹಾಗಾಗಿ ಈ ಸಕ್ಕರೆ ನ್ಯಾಯವೇ. ನಾನು ಹೊರಗಿನವಳ ಹಾಗೆ ಕೊಟ್ಟೆ, ನೀನು ಹೊರಗಿನವಳಿಗೆ ಕೊಡುವ ಹಾಗೆ ಹಿಂದಿರುಗಿಸಿದೆ. ನ್ಯಾಯ ಎಂದು ಗೊತ್ತಿದ್ದರೂ ಸಿಟ್ಟು ಬರುತ್ತದೆ.

ಇನ್ನು ಪಿತೃಗಳ ಹಬ್ಬದ ಸಂಜೆಯ ಮಾತು. ಇಬ್ಬರೂ ಮನೆಗೆ ಬಂದು ವಾರವಾಗಿರಲಿಲ್ಲ. ನೀನು ನಿನ್ನ ಗಂಡನ ಫೋಟೋದ ಮುಂದೆ ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ ಮಾಡುತ್ತಿದ್ದೆ, ಸತ್ತವರು ಬೇಗ ಮನೆ ತಲುಪಲಿ ಎಂದು. ನಿನ್ನ ಭಾವ ಒಳಗಿಂದ, ಚೀ, ಒಂದು ಲೋಟ ನೀರು ಎಂದು ಕೂಗಿದರು. ನಾನು ಅಡುಗೆಮನೆಯಲ್ಲಿ ನಲ್ಲಿಯ ಪಕ್ಕದಲ್ಲೇ ಇದ್ದೆ. ನನ್ನನ್ನು ಕೇಳಲಿಲ್ಲ. ನೀನು ಎದ್ದೆ. ಆಗ ನನ್ನ ಬಾಯಿಂದ ಅದು ಬಿದ್ದುಹೋಯಿತು. ನಿನ್ನ ಗಂಡ ಸತ್ತಾಗ ಒಡೆಯದ ಎದೆ, ನನ್ನ ಗಂಡನಿಗೆ ಒಡೀತಲ್ಲ ಎಂದೆ. ಅವನ ಫೋಟೋದ ಎದುರೇ ಅಂದೆ.

ನೀನು ಅಳಲಿಲ್ಲ. ಕೂಗಾಡಲಿಲ್ಲ. ಸೌತೆಕಾಯಿ ಕೆಳಗಿಟ್ಟು ಒಂದೇ ಮಾತು ಹೇಳಿದೆ.

"ಅಕ್ಕಾ, ದೋಣೀಲಿ ನಂಗೆ ಹೆದರಿಕೆಯೇ ಆಗ್ಲಿಲ್ಲ. ದಡದಲ್ಲಿ ನೀನು ಕೋಲೂರ್ಕೊಂಡು ಬರೋದು ಕಾಣ್ತು ನೋಡು, ಭಾವ ಉಳಿಯದೇ ಹೋದ್ರೆ ನಿಂಗೆ ಏನಂತ ಹೇಳ್ಲಿ ಅನ್ನಿಸ್ತು. ಅಷ್ಟೇ. ಆಮೇಲೆ ಏನಾಯ್ತೋ ಗೊತ್ತಿಲ್ಲ."

ನಾನು ನಂಬಲಿಲ್ಲ. ಸಿಕ್ಕಿಬಿದ್ದವರು ಆಡುವ ಮಾತು ಎಂದುಕೊಂಡೆ. ಮುಖಕ್ಕೇ ಹೇಳಿದೆ, ನಿನ್ನ ಎದೆ ಒಡೆಯಲು ನಾನೇನು ಭೂತವೆ ಎಂದು. ಹಬ್ಬ ಮುಗಿದು ದೀಪಗಳನ್ನು ನೀರಿಗೆ ಬಿಟ್ಟ ಮರುದಿನ ನೀನು ಮೊದಲ ಹಡಗಿಗೆ ಹೋದೆ. ಮತ್ಸುಯಾಮದ ಬಿಸಿನೀರಿನ ಬುಗ್ಗೆ ಸ್ನಾನದ ವಸತಿಗೃಹದ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ ಎಂದು ನಿನ್ನ ಭಾವನಿಗೆ ಹೇಳಿದೆಯಂತೆ. ನಾನು ಧಕ್ಕೆಗೆ ಬರಲಿಲ್ಲ. ಬಚ್ಚಲಲ್ಲಿ ಕೂತು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ, ಹಡಗಿನ ಸಿಳ್ಳು ಕೇಳಿತು.

ನೀನು ಹೋದ ಮೇಲೆ ಮನೆಯಲ್ಲಿ ಗೆದ್ದವಳು ನಾನು. ಚೀ ಎಂಬ ಕೂಗಿಲ್ಲ. ನೀರು ಬೇಕಾದರೆ ಅವರು ನನ್ನನ್ನೇ ಕೇಳಬೇಕು. ಕೇಳುವುದಿಲ್ಲ, ತಾವೇ ಎದ್ದು ಕುಡಿಯುತ್ತಾರೆ. ಆಕ್ಟೋಪಸ್ ಅನ್ನ ಮಾಡಿದರೆ ತಳ ಹಿಡಿದದ್ದನ್ನು ತಿನ್ನುವವರಿಲ್ಲ. ಅದು ನಿನ್ನ ಪಾಲಲ್ಲವೆ, ಕೆರೆದು ಬಟ್ಟಲಿಗೆ ಹಾಕಿ ಮುಚ್ಚಿಡುತ್ತೇನೆ, ಮರುದಿನ ಚೆಲ್ಲುತ್ತೇನೆ.

ಈಚೆಗೆ ಒಂದು ದಿನ ಮೊರಿಯಾಮ ಅಜ್ಜ ನಮ್ಮ ಕಳೆದುಹೋದ ಹಗ್ಗವನ್ನು ಕೊಕ್ಕೆ ಹಾಕಿ ಎತ್ತಿಕೊಂಡು ಬಂದರು. ಬೇರೆಯವರ ಗುರುತಿನ ಮಡಕೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ನಿನಗೆ ಗೊತ್ತಲ್ಲ. ಒಂದು ಮಡಕೆಯಲ್ಲಿ ಮೊಟ್ಟೆಗಳ ಗೊಂಚಲು ತೂಗುತ್ತಿತ್ತು, ತಾಯಿ ಬಾಯಿಗೆ ಅಡ್ಡವಾಗಿ ಕೂತಿತ್ತು. ಅದನ್ನು ಸಿಕ್ಕ ಜಾಗದಲ್ಲೇ ಮತ್ತೆ ಇಳಿಸಿಬಿಟ್ಟೆ ಎಂದರು ಅಜ್ಜ. ಉಳಿದವನ್ನು ಧಕ್ಕೆಯ ಮೇಲೆ ಸಾಲಾಗಿ ಇಟ್ಟರು. ನಿನ್ನ ಭಾವ ಹಗ್ಗದ ಕತ್ತರಿಸಿದ ತುದಿಯನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತಿದ್ದರು. ಒಂದೇ ಏಟಿಗೆ ಕತ್ತರಿಸಿದ ತುದಿ, ಎಳೆ ಕೂಡ ಬಿಚ್ಚಿರಲಿಲ್ಲ. ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

"ಕತ್ತರಿಸು ಅಂತ ನೀವೇ ಹೇಳಿದ್ರಾ?"

"ಇಲ್ಲ. ಪೂರ್ತಿ ಎಳೆದೇ ಹೋಗೋಣ ಅಂದೆ. ಅವಳು ನನ್ನ ಮಾತು ಕೇಳ್ಲಿಲ್ಲ."

"ನಾನಿದ್ದಿದ್ರೆ?"

ಅವರು ಹಗ್ಗ ಕೆಳಗಿಟ್ಟರು. "ನೀನು ಕೇಳ್ತಿದ್ದೆ" ಎಂದರು.

ಬೈಗುಳವಾಗಿ ಹೇಳಲಿಲ್ಲ. ಮೆಚ್ಚುಗೆಯಾಗಿಯೂ ಅಲ್ಲ. ಹೌದು, ನಾನು ಕೇಳುತ್ತಿದ್ದೆ. ಅವರು ಎಳೆಯೋಣ ಎಂದರೆ ಎಳೆಯಲು ಬಿಡುತ್ತಿದ್ದೆ, ಕೊನೆಯ ಮಡಕೆ ಬರುವವರೆಗೆ ಚುಕ್ಕಾಣಿ ನೇರ ಹಿಡಿದು ನಿಲ್ಲುತ್ತಿದ್ದೆ, ಒಂದು ಹಗ್ಗವನ್ನೂ ಕಳೆಯದ ಹೆಂಡತಿ ಎಂದು ಹೆಮ್ಮೆಯಿಂದ ಹೆಣವನ್ನು ದಡಕ್ಕೆ ತರುತ್ತಿದ್ದೆ. ಚಿಜುರು, ನಿನ್ನ ಮೇಲಿನ ಹೊಟ್ಟೆಕಿಚ್ಚಿನ ತಳದಲ್ಲಿ ಕೂತಿದ್ದದ್ದು ಇದೇ. ಅವರನ್ನು ಉಳಿಸುವುದಕ್ಕೆ ನಾನು ಅಲ್ಲಿ ಇಲ್ಲದೆ ಇರಬೇಕಾಗಿತ್ತು.

ಆವತ್ತೇ ಅವರ ಕೈ ಹಿಡಿದುಕೊಂಡು ದೋಣಿಗೆ ಇಳಿದೆ. ನೀನು ಚುಕ್ಕಾಣಿಯ ಹಿಡಿಗೆ ಸುತ್ತಿದ ನೀಲಿ ಬಟ್ಟೆ ನನಗೆ ಮೊದಲಿಂದ ಕಣ್ಣಿಗೆ ಚುಚ್ಚುತ್ತಿತ್ತು. ನನ್ನ ಕೆಂಪು ಬಟ್ಟೆ ಬಿಚ್ಚಿ ಎಸೆದು ನಿನ್ನದನ್ನು ಸುತ್ತಿದ್ದೀಯ ಎಂದುಕೊಂಡಿದ್ದೆ. ಹೇಗೂ ಮಾರುವ ದೋಣಿ, ನಿನ್ನ ಗುರುತು ಬೇರೆ ಯಾಕೆ ಎಂದು ಬಿಚ್ಚತೊಡಗಿದೆ. ಒಳಗೆ ನನ್ನ ಕೆಂಪು ಹಾಗೆಯೇ ಇತ್ತು. ಸವೆದು ಬಿಳಿಚಿತ್ತು, ನಾನು ಹಾಕಿದ ಗಂಟು ಮಾತ್ರ ನಾನು ಹಾಕಿದ ಹಾಗೆಯೇ ಇತ್ತು. ಇಷ್ಟು ವರ್ಷ ನೀನು ಅದರ ಮೇಲೆಯೇ ಕೈಯಿಟ್ಟು ದೋಣಿ ನಡೆಸಿದ್ದೀಯ, ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ. ನೀಲಿಯನ್ನು ಮತ್ತೆ ಸುತ್ತಿದೆ. ನನ್ನ ಬೆರಳಿಗೆ ಈಗ ಬಿಗಿ ಸಾಲದು, ಸಡಿಲವಾಗಿದೆ. ಬಂದು ಸರಿಮಾಡು.

ನಾಲ್ಕು ದಿನ ಬಿಟ್ಟು ನಿನಗೆ ಪತ್ರ ಬರೆಯೋಣ ಎಂದು ಕಾಗದ ಕೊಂಡು ತಂದೆ. ಅದೇ ಮಧ್ಯಾಹ್ನ ಸಕ್ಕರೆ ಬಂತು.

ನೀನು ಬಂದರೆ ಭಾವ ನಿನ್ನನ್ನು ಚೀ ಎಂದೇ ಕರೆಯಲಿ. ನನಗೆ ಹೊಟ್ಟೆ ಉರಿಯುತ್ತದೆ, ಉರಿಯುತ್ತಲೇ ಇರುತ್ತದೆ, ಈ ವಯಸ್ಸಿನಲ್ಲಿ ಅದನ್ನು ಆರಿಸುತ್ತೇನೆ ಎಂದು ಮಾತು ಕೊಡಲಾರೆ. ಬುತ್ತಿ ಮಾತ್ರ ಕಟ್ಟುತ್ತೇನೆ. ದೋಣಿಯಲ್ಲಿ ಯಾವುದಕ್ಕೆ ನಕ್ಕಿರಿ ಎಂದು ನೀನಾದರೂ ಸಂಜೆ ನನಗೆ ಹೇಳು. ತಮಾಷೆ ಆರಿಹೋಗಿದ್ದರೂ ಹೇಳು.

ಬರುವುದಿಲ್ಲವಾದರೆ ಅದನ್ನು ನಿನ್ನ ಕೈಯಲ್ಲೇ ಬರೆದು ತಿಳಿಸು. ಅಚ್ಚಿನ ಚೀಟಿ ಕಳಿಸಬೇಡ.

ನಿನ್ನ ಅಕ್ಕ,
ಕಿನುಯೊ

ಮರೆತ ಮಾತು: ನಿನ್ನ ಭಾವ ಪಕ್ಕದ ಕುರ್ಚಿಯಲ್ಲಿ ಕೂತು, ನಿಜ ಸಂಗತಿಯನ್ನು ನೀನು ಬರೆಯದಿದ್ದರೆ ಆ ವಸತಿಗೃಹಕ್ಕೆ ನಾನೇ ಫೋನ್ ಮಾಡುತ್ತೇನೆ ಎಂದು ನನ್ನ ಮುಂದೆ ಹಟ ಹಿಡಿದಿದ್ದಾರೆ. ಮೊಣಕಾಲು ನೋವು ಎಂದು ಮೇಲೆ ಬರೆದದ್ದು ಸುಳ್ಳು. ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ನೀನು ಮಲಗಿದ್ದ ಕಿಟಕಿ ಪಕ್ಕದ ಹಾಸಿಗೆಯಲ್ಲೇ ಇದ್ದೇನೆ. ಫುಸಾಗೆ ಬರೆದ ಆ ಎರಡು ಸಾಲು ಓದುತ್ತಿದ್ದ ಹಾಗೆ ಎದೆಯನ್ನು ಯಾರೋ ಹಿಡಿದು ಹಿಂಡಿದಂತಾಗಿ ಕೆಳಗೆ ಬಿದ್ದೆನಂತೆ. ಎತ್ತಿ ಆಂಬುಲೆನ್ಸ್ ಕರೆಸಿದವಳು ಫುಸಾ, ಇನ್ನು ಅವಳಿಗೆ ನಾನೂ ಸಾಬೂನು ಕಳಿಸಬೇಕು. ಆ ಹುಡುಗಿ ಡಾಕ್ಟರ್ ಮತ್ತೆ ಲೋಳೆ ಹಚ್ಚಿ ನೋಡಿದಳು, ಈ ಸಲ ನಗಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕಿರಿದಾದ ಕತ್ತು, ಗುಂಡನೆಯ ಹೊಟ್ಟೆ. ಏನಾಯ್ತು ಅಜ್ಜಿ, ಯಾರಾದ್ರೂ ತೀರಿಕೊಂಡ್ರಾ ಎಂದು ಕೇಳಿದಳು. ಇಲ್ಲಮ್ಮ, ಸಕ್ಕರೆ ಬಂತು ಎಂದೆ. ಕೆಲವು ವಾರಗಳಲ್ಲಿ ಎಚ್ಚರಾಗುತ್ತದಂತೆ, ಗಾಬರಿಯಾಗಬೇಡ. ಗಂಡ ಸಾಯುವ ಹಾಗಿದ್ದಾಗ ಅಲುಗದ ಹೃದಯ ಇದು. ಧಕ್ಕೆಯ ಮೇಲೆ ನನ್ನ ಮುಖ ನೋಡಿ ನಿನಗೆ ಹಾಗಾಯಿತು ಎಂದೆಯಲ್ಲ, ಈಗ ನಂಬುತ್ತೇನೆ. ನೋಡಲು ಬರುವುದಾದರೆ ಬರಿಗೈಯಲ್ಲಿ ಬಾ. ಲಕೋಟೆ ತರಬೇಡ, ನಿನಗೆ ಮರು ಉಡುಗೊರೆ ಕಳಿಸುವುದಿಲ್ಲ ನಾನು.